ಕೆಂಚನ ಎಡಗಾಲು

ವಾಣಿ ಹುಂಜದ ಕಾಲಿಗೆ ಬೇವಿನೆಣ್ಣೆ ಹಚ್ಚುತ್ತಿದ್ದಳು.

ಶನಿವಾರದ ಕೆಲಸ ಅದು, ಹೋದ ವಾರ ಸಾವಿನ ಗಲಾಟೆಯಲ್ಲಿ ತಪ್ಪಿಹೋಗಿತ್ತು. ಹಳೇ ಪಂಚೆಯ ಚೂರನ್ನು ಎಣ್ಣೆಯಲ್ಲಿ ಅದ್ದಿ, ಕಾಲಿನ ಹುರುಪೆ ಹುರುಪೆಗೂ ತಾಗುವಂತೆ ಮೇಲಿನಿಂದ ಕೆಳಕ್ಕೆ ಒರೆಸಬೇಕು. ಬಿಟ್ಟರೆ ಹುರುಪೆಯ ಅಡಿಯಲ್ಲಿ ಹುಳ ಸೇರಿ ಕಾಲು ಸುಣ್ಣ ಮೆತ್ತಿದ ಹಾಗಾಗುತ್ತದೆ. ಮಾತಾಡುತ್ತಾ ಮಾಡುವ ಕೆಲಸವಲ್ಲ. ಮನುಷ್ಯರ ದನಿ ಕಿವಿಗೆ ಬಿದ್ದರೆ ಹುಂಜ ಮೈ ಬಿಗಿ ಹಿಡಿಯುತ್ತದೆ. ವಾಣಿಗೆ ಅದೇನೂ ಕಷ್ಟವಿರಲಿಲ್ಲ. ಕೇಳಿದ್ದಕ್ಕೆ ಹೂಂ, ಉಹುಂ ಅಂದದ್ದು ಬಿಟ್ಟರೆ ಅವಳು ಹನ್ನೆರಡು ದಿನಗಳಿಂದ ಬಾಯಿ ಬಿಟ್ಟಿರಲಿಲ್ಲ.

ಚಾಮರಾಜಪೇಟೆಯ ಈ ಹಿತ್ತಿಲಲ್ಲೇ, ಇದೇ ಗೂಡಿನ ಮುಂದೆ, ಮನೆಯ ಯಜಮಾನ ದೊಡ್ಡಬೈರಪ್ಪನವರು ತಲೆಯೊಡೆದು ಸತ್ತು ಬಿದ್ದು ಹನ್ನೆರಡು ದಿನ. ಮೊದಲು ಹೆಣ ಕಂಡ ತಪ್ಪಿಗೆ ವಾಣಿಯ ಅಪ್ಪ ನಾರಾಯಣಪ್ಪನನ್ನು ಠಾಣೆಯವರು ಎರಡು ದಿನ ಕೂರಿಸಿಕೊಂಡು ಬಿಟ್ಟಿದ್ದರು, ಸೋಮವಾರ ಮತ್ತೆ ಬಾ ಅಂದಿದ್ದರು.

ಬಲಗಾಲು ಮುಗಿಯಿತು. ಬೆರಳುಗಳನ್ನು ಅಗಲಿಸಿದಳು, ಸಂದಿನ ತೊಗಲಿಗೂ ಎಣ್ಣೆ ಮುಟ್ಟಲಿ ಎಂದು. ಅವಳ ಕೈ ಅಲ್ಲೇ ನಿಂತಿತು.

ತೊಗಲು ಇಡಿಯಾಗಿತ್ತು.

ಬೆಳಕಿಗೆ ಹಿಡಿದು ನೋಡಿದಳು. ತೂತಿಲ್ಲ. ತೂತು ಕೂಡಿಕೊಂಡಿದ್ದರೆ ಬೇಳೆಕಾಳಿನಷ್ಟು ಬಿಳಿ ಕಲೆಯಾದರೂ ಉಳಿಯಬೇಕು. ಅದೂ ಇಲ್ಲ.

ಹುಂಜವನ್ನು ಮಗ್ಗುಲಾಗಿಸಿ ಎಡಗಾಲು ಬಿಡಿಸಿದಳು. ಅಲ್ಲಿತ್ತು ತೂತು, ನಡುಬೆರಳಿಗೂ ಹೊರಬೆರಳಿಗೂ ನಡುವೆ. ಅಂಚು ದಪ್ಪವಾಗಿ ಕೆಂಪಗಿತ್ತು. ಒಂದು ಮಗ್ಗುಲಲ್ಲಿ ಹಕ್ಕಳೆ ಇನ್ನೂ ಉದುರಿರಲಿಲ್ಲ.

ಈ ಮನೆಯಲ್ಲಿ ಒಡೆದ ಪ್ರತಿ ಮರಿಗೂ ಹುಟ್ಟಿದ ದಿನವೇ ಬೆರಳ ಸಂದಿನಲ್ಲಿ ಒಂದು ತೂತು ಬೀಳುತ್ತದೆ. ದೊಡ್ಡಬೈರಪ್ಪನವರ ಮೊನಚು ಮೂತಿಯ ಹಿತ್ತಾಳೆ ಚಿಮಟದಿಂದ ಒಂದು ಒತ್ತು, ಅಷ್ಟೇ, ರಕ್ತವೂ ಬರುವುದಿಲ್ಲ. ಒಂದೊಂದು ವಂಶಕ್ಕೆ ಒಂದೊಂದು ಜಾಗ. ಕೆಂಚನ ಸಾಲಿಗೆ ಒಂದು ಸಂದು, ಕರಿಕೋಳಿ ಸಾಲಿಗೆ ಇನ್ನೊಂದು. ಮರಿ ಬೆಳೆದ ಹಾಗೆ ತೂತೂ ಬೆಳೆದು, ತೊಟ್ಟಿಲಲ್ಲೇ ಚುಚ್ಚಿಸಿಕೊಂಡ ಹೆಂಗಸಿನ ಕಿವಿಯ ತೂತಿನಂತೆ ನುಣ್ಣಗಾಗುತ್ತದೆ. ಇದು ಹಾಗಿರಲಿಲ್ಲ. ಇದು ಬೆಳೆದ ಕಾಲಿಗೆ ಈಚೆಗೆ, ಹೆಚ್ಚೆಂದರೆ ಹದಿನೈದು ದಿನದ ಕೆಳಗೆ, ಯಾರೋ ಹಾಕಿದ ತೂತು.

ಇದು ಕೆಂಚ ಅಲ್ಲ.

ಕೆಂಚ ಅಂದರೆ ನಾಲ್ಕು ವರ್ಷದ ಅಸೀಲ್ ಹುಂಜ. ಹೊಸಕೋಟೆ, ಮಾಗಡಿ, ಕೋಲಾರವೆಂದು ಊರೂರು ಅಲೆದು, ಫಾರಂ ಕೋಳಿಯ ನೆರಳೂ ಬೀಳದ ಹಳೇ ತಳಿಯನ್ನು ಹುಡುಕಿ ತಂದು, ಮೂವತ್ತು ವರ್ಷ ಕೂಡಿಸಿ ಕೂಡಿಸಿ ದೊಡ್ಡಬೈರಪ್ಪನವರು ಎತ್ತಿ ನಿಲ್ಲಿಸಿದ ಹಕ್ಕಿ. ಆಂಧ್ರದ ಗಡಿಯಿಂದ ಕೋಳಿಪಂದ್ಯದವರು ದುಡ್ಡಿನ ಕಟ್ಟು ಹಿಡಿದು ಎಷ್ಟೋ ಸಲ ಬಂದು ಕೇಳಿದ್ದರು. ಗೇಟಿನಿಂದ ಒಳಕ್ಕೆ ಅವರನ್ನು ಬಿಟ್ಟಿರಲಿಲ್ಲ.

ತೊಡೆಯ ಮೇಲಿದ್ದ ಹುಂಜ ಅದೇ ಕೆಂಪು, ಅದೇ ಎತ್ತರ, ಅದೇ ಗಿಡ್ಡ ಜುಟ್ಟು. ಹನ್ನೆರಡು ದಿನದಿಂದ ಅದು ಅವಳ ಕೈಯಿಂದ ರಾಗಿ ತಿಂದಿರಲಿಲ್ಲ. ಯಜಮಾನ ಹೋದ ಮೇಲೆ ಕೋಳಿಗೂ ಸೂತಕ ಎಂದುಕೊಂಡಿದ್ದಳು. ಈಗ ಯೋಚಿಸಿದರೆ, ಅದಕ್ಕೆ ಅವಳ ಗುರುತೇ ಇರಲಿಲ್ಲ.

ಗಾಬರಿಯಾಗಬೇಕಿತ್ತೇನೋ. ಆಗಲಿಲ್ಲ. ಆ ದಿನದಿಂದ ಅವಳೊಳಗೆ ಎಲ್ಲವೂ ಹೊದಿಕೆಯ ಆಚೆಯಿಂದ ಕೇಳಿದ ಹಾಗಿತ್ತು. ಎಡಗಾಲಿಗೂ ಎಣ್ಣೆ ಹಚ್ಚಿ ಮುಗಿಸಿದಳು. ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಎದ್ದಾಗ ಒಂದೇ ಒಂದು ಯೋಚನೆ ಹೊದಿಕೆ ಸರಿಸಿ ಈಚೆ ಬಂತು. ಹುಂಜ ಬದಲಾಗಿದೆ ಅಂದರೆ, ಯಾರೋ ಹುಂಜಕ್ಕಾಗಿ ಬಂದಿದ್ದರು. ಹುಂಜಕ್ಕಾಗಿ ಬಂದವರು ಇದ್ದರೆ, ಅಪ್ಪನ ಮೇಲಿನ ಅನುಮಾನ ಬಿಡಬೇಕು.

*

ಜಗಲಿಯ ಮೇಲೆ ಶಿವಲಿಂಗಯ್ಯನವರು ಕಡ್ಲೇಪುರಿ ತಿನ್ನುತ್ತಾ ಕೂತಿದ್ದರು. ನಿವೃತ್ತ ಸಬ್‌ಇನ್ಸ್‌ಪೆಕ್ಟರು. ಸತ್ತವರ ಹೆಂಡತಿ ಮುನಿಯಕ್ಕನ ಊರಿನವರು. ಠಾಣೆಯವರು ಬರೆದುಕೊಂಡದ್ದರಲ್ಲಿ ನನಗೆ ನಂಬಿಕೆ ಇಲ್ಲ ಎಂದು ಮುನಿಯಕ್ಕ ಹೇಳಿ ಕಳಿಸಿದ ಮೇಲೆ ದಿನವೂ ಮಧ್ಯಾಹ್ನ ಬಂದು ಕೂರುತ್ತಿದ್ದರು. ಅವರು ಯಾರನ್ನೂ ಏನನ್ನೂ ಹೆಚ್ಚು ಕೇಳುತ್ತಿರಲಿಲ್ಲ. ಆ ಬಾಗಿಲು ಹೆಂಗೆ ಹಾಕ್ತೀರಿ ತೋರಿಸಿ, ಆ ಕೊಡ ಹೆಂಗೆ ಎತ್ತಿದ್ರಿ ತೋರಿಸಿ ಅನ್ನುವರು. ಬಾಯಿ ಸುಳ್ಳು ಹೇಳತ್ತೆ, ಕೈಗೆ ಅಷ್ಟು ಬುದ್ಧಿ ಇಲ್ಲ ಎಂಬುದು ಅವರ ಮಾತು.

ವಾಣಿ ಹುಂಜದ ಕಾಲನ್ನು ಅವರ ಮುಂದೆ ಹಿಡಿದಳು. ಅವರು ಹಿಂದಕ್ಕೆ ಸರಿದರು.

"ಕುಕ್ಕತ್ತಾ?"

"ಉಹುಂ."

"ಅದರ ಮುಖ ನೋಡಿದ್ರೆ ಹಂಗೆ ಕಾಣಲ್ವಲ್ಲ ತಾಯಿ."

"ಇದು ಕೆಂಚ ಅಲ್ಲ," ಅಂದಳು ವಾಣಿ.

ಅವಳ ಬಾಯಿಂದ ಮೂರು ಪದ ಒಟ್ಟಿಗೆ ಬಂದದ್ದಕ್ಕೋ ಏನೋ, ಶಿವಲಿಂಗಯ್ಯನವರು ಪುರಿಯ ಪೊಟ್ಟಣ ಮಡಿಸಿಟ್ಟರು. ಅವಳು ತೂತು ತೋರಿಸಿದಳು, ಹಕ್ಕಳೆ ತೋರಿಸಿದಳು. ಕಾಲು ತಪ್ಪು ಅಂದಳು.

ಅವರು ಒಳಗಿನಿಂದ ಮರಿಪುಸ್ತಕ ತರಿಸಿದರು. ಉದ್ದನೆಯ ನೋಟ್‌ಬುಕ್ಕು. ಒಡೆದ ಮರಿಗಳೆಲ್ಲ ಅದರಲ್ಲಿವೆ, ತಾಯಿ ಯಾರು, ತಂದೆ ಯಾರು, ಎಷ್ಟು ಉಳಿದವು. ದೊಡ್ಡಬೈರಪ್ಪನವರು ಹೇಳುತ್ತಿದ್ದರು, ವಾಣಿ ಬರೆಯುತ್ತಿದ್ದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ ಮುತ್ತಿನಂತಿದೆ ಎಂದು ಅವರು ಬಂದವರಿಗೆಲ್ಲ ಪುಸ್ತಕ ಬಿಚ್ಚಿ ತೋರಿಸುತ್ತಿದ್ದರು. ಆಗ ಅವಳು ಹಿತ್ತಿಲಿಗೆ ಓಡಿಬಿಡುತ್ತಿದ್ದಳು.

ಶಿವಲಿಂಗಯ್ಯನವರು ಕನ್ನಡಕ ಏರಿಸಿ ಓದಿದರು. "ಕೆಂಚನ ಸಾಲು. ಎಡಗಾಲು, ಹೊರಸಂದು." ಕತ್ತೆತ್ತಿದರು. "ಎಡಗಾಲು ಅಂತ್ಲೇ ಇದೆಯಲ್ಲಮ್ಮ. ಹೊರಸಂದೂ ಸರಿ. ನಿನ್ನ ಅಕ್ಷರವೇ. ಎಲ್ಲಾ ಸರಿಯಾಗೇ ಇದೆ."

ವಾಣಿ ಹಿತ್ತಿಲಿಗೆ ಹೋಗಿ ಒಂದು ಹೇಂಟೆಯನ್ನು ಹಿಡಿದು ತಂದಳು. ಕೆಂಚನ ಮಗಳು. ಅದರ ಬೆರಳು ಬಿಡಿಸಿದಳು. ನುಣ್ಣನೆಯ ತೂತು, ಬಲಗಾಲಿನಲ್ಲಿ. ಅದನ್ನು ಬಿಟ್ಟು ಇನ್ನೊಂದನ್ನು ತಂದಳು. ಅದಕ್ಕೂ ಬಲಗಾಲು.

"ಅವರು ಮರೀನ ಅಂಗಾತ ಮಲಗಿಸ್ಕೊಳ್ಳೋರು," ಅಂದಳು, ಎಡಗೈ ಚಾಚಿ. "ಅಂಗೈ ಮೇಲೆ. ತಲೆ ಬೆರಳ ತುದಿ ಕಡೆ, ಕಾಲು ತಮ್ಮ ಎದೆ ಕಡೆ. ಹಂಗೆ ಹಿಡಿದ್ರೆ ಅವರ ಎಡಕ್ಕೆ ಇರೋದು ಮರೀ ಬಲಗಾಲು. ಅವರು ಎಡ ಅನ್ನೋರು. ನಾನು ಎಡ ಅಂತ ಬರೆಯೋಳು."

"ತಪ್ಪು ಅಂತ ನೀನು ಹೇಳ್ಲಿಲ್ವಾ?"

"ಒಂದ್ಸಲ ಹೇಳ್ದೆ. ಎಲ್ಲಾ ಪುಟದಲ್ಲೂ ಒಂದೇ ಥರ ಇದ್ರೆ ಅದು ತಪ್ಪಲ್ಲ ಅಂದ್ರು."

ಶಿವಲಿಂಗಯ್ಯನವರಿಗೆ ನಗು ಬಂತು. ಸತ್ತವರ ಮನೆ ಎಂದು ನೆನಪಾಗಿ ನಿಲ್ಲಿಸಿಕೊಂಡರು. ಸ್ವಲ್ಪ ಹೊತ್ತು ಹುಂಜವನ್ನು ನೋಡಿದರು, ಹುಂಜವೂ ಅವರನ್ನು ನೋಡಿತು.

"ಹಂಗಾದ್ರೆ ಇದನ್ನ ಮಾಡಿದೋನು ಪುಟ ಬಲ್ಲ, ಕೈ ಅರಿಯ," ಅಂದರು ನಿಧಾನವಾಗಿ. "ಪುಸ್ತಕದಲ್ಲಿ ಏನಿದೆ ಅಂತ ಗೊತ್ತು. ಬೈರಪ್ಪ ಮರಿ ಹಿಡಿಯೋದನ್ನ ಮಾತ್ರ ನೋಡೇ ಇಲ್ಲ. ಒಡೆದ ದಿನ ಯಾರ್ಯಾರು ಹತ್ರ ಇರ್ತಿದ್ರು?"

"ನಾನೊಬ್ಳೇ. ಬೇರೆ ಯಾರನ್ನೂ ಬಿಡ್ತಿರ್ಲಿಲ್ಲ. ಕಣ್ಣು ತಾಗತ್ತೆ ಅಂತ."

"ಪುಸ್ತಕ ಓದಿದೋರು?"

ಈ ಪ್ರಶ್ನೆಗೆ ಉತ್ತರ ಹಿತ್ತಿಲಿನಿಂದ ಬರುವಾಗಲೇ ಅವಳ ಬಾಯಲ್ಲಿತ್ತು. "ವರದರಾಜ ಸಾರ್. ಪೂರ್ತಿ ಪುಸ್ತಕ ಜೆರಾಕ್ಸ್ ಮಾಡಿಸ್ಕೊಂಡಿದಾರೆ. ಕೆಂಚನ್ನ ಒಂದು ತಿಂಗಳ ಮಟ್ಟಿಗೆ ಕೊಡಿ, ನಮ್ಮ ಹೇಂಟೆ ಜೊತೆ ಬಿಡ್ತೀನಿ ಅಂತ ಕೇಳಿದ್ರು. ಕೊಡಲ್ಲ ಅಂದಿದ್ದಕ್ಕೆ ಜಗಳ ಆಯ್ತು. ಇವರು ಸಾಯೋಕೆ ಎರಡು ದಿನ ಮುಂಚೆ." ಉಸಿರು ತೆಗೆದುಕೊಂಡು ಇನ್ನೊಂದು ಮಾತು ಸೇರಿಸಿದಳು. "ಅಪ್ಪಂಗೆ ಓದೋಕೆ ಬರಲ್ಲ ಸಾರ್."

"ಗೊತ್ತು ತಾಯಿ," ಅಂದರು ಶಿವಲಿಂಗಯ್ಯನವರು. "ಗೂಡಲ್ಲಿ ಈಗ ಹೊಸಾ ಮರಿ ಇವೆಯಾ?"

ಇದ್ದವು. ಯಜಮಾನರು ತಾವೇ ಕಾವಿಗೆ ಇಟ್ಟು ಹೋಗಿದ್ದ ಮೊಟ್ಟೆಗಳು ಬೆಳಿಗ್ಗೆ ಒಡೆದಿದ್ದವು. ಒಂಬತ್ತು ಮರಿ. ಗುರುತು ಹಾಕುವವರು ಯಾರು ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

*

ಮುನಿಯಕ್ಕ ಫೋನು ಮಾಡಿದ ಒಂದು ಗಂಟೆಗೆ ಮಲ್ಲೇಶ್ವರದಿಂದ ವರದರಾಜರ ಸ್ಕೂಟರು ಬಂತು. ಬ್ಯಾಂಕಿನಲ್ಲಿ ಆಫೀಸರಾಗಿದ್ದು, ಸ್ವಂತ ಇಚ್ಛೆಯಿಂದ ನಿವೃತ್ತಿ ತೆಗೆದುಕೊಂಡು, ಆ ಮೇಲೆ ತಾರಸಿಯ ಮೇಲೆ ಕೋಳಿ ಸಾಕಲು ಶುರುಮಾಡಿದ ಮನುಷ್ಯ. ಮೂರು ತಲೆಮಾರಿನಿಂದ ಆ ಮನೆಯಲ್ಲಿ ಮೊಟ್ಟೆಯೊಡೆದ ವಾಸನೆ ಇಲ್ಲ. ಆದರೆ ಉದುರಿದ ಒಂದು ಗರಿ ಕೊಟ್ಟರೆ ಹಕ್ಕಿಯ ತಳಿ, ವಯಸ್ಸು, ಹೇಂಟೆಯೋ ಹುಂಜವೋ, ಮೂರನ್ನೂ ಹೇಳಬಲ್ಲರು. ಜೇಬಿನಲ್ಲಿ ಯಾವಾಗಲೂ ಒಂದು ಭೂತಗನ್ನಡಿ.

"ಬನ್ನಿ ಐನೋರೆ," ಅಂದರು ಮುನಿಯಕ್ಕ. "ತಿನ್ನಂಗಿಲ್ಲ, ಮಾರಂಗಿಲ್ಲ, ಬರೀ ನೋಡೋಕೆ ಕೋಳಿ ಸಾಕೋರು ಲೋಕದಾಗೆ ಇಬ್ರೇ ಇದ್ರಿ. ಒಬ್ರು ಹೋದ್ರು."

ವರದರಾಜರು ತಲೆ ತಗ್ಗಿಸಿ ನಿಂತರು. "ನಮ್ಮನೇಲೂ ಇದೇ ಮಾತು ಮುನಿಯಕ್ಕ. ಬೆಳಿಗ್ಗೆ ಹುಂಜ ಕೂಗಿದ್ರೆ ನನ್ನ ಹೆಂಡ್ತಿ ಗೋದಾ ಪಕ್ಕದ ಮನೆಯವರಿಗೆ ಅದು ಅಲಾರಂ ಅಂತಾಳೆ. ದಿನಾ ಹನ್ನೊಂದು ಸಲ ಹೊಡೆಯೋ ಅಲಾರಂ."

ಮುನಿಯಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುವೋ ಅಳುವೋ ಗೊತ್ತಾಗಲಿಲ್ಲ. ವಾಣಿ ಗೂಡಿನ ಕಂಬಕ್ಕೆ ಒರಗಿ ಅವರ ಕೈಗಳನ್ನೇ ನೋಡುತ್ತಿದ್ದಳು, ವರದರಾಜರ ಕೈಗಳನ್ನು. ಬಿಳಿಚಿಕೊಂಡ, ಮೆದುವಾದ ಬೆರಳುಗಳು. ಈ ಕೈ ತಲೆಗೆ ಹೊಡೆದಿರಬಹುದೇ ಎಂದು ನೋಡಿದಳು. ಹೊಡೆದಿರಲಿ ಎಂದುಕೊಂಡಳು. ತನಗೇ ಅದು ಯಾರೋ ಬೇರೆಯವರ ಯೋಚನೆಯಂತೆ ಕೇಳಿಸಿತು.

ಶಿವಲಿಂಗಯ್ಯನವರು ಬುಟ್ಟಿಯನ್ನು ಕಲ್ಲುಹಾಸಿನ ಮೇಲೆ ಇಟ್ಟರು. ಪಕ್ಕದಲ್ಲಿ ಮರಿಪುಸ್ತಕ, ಹಿತ್ತಾಳೆ ಚಿಮಟ.

"ಒಂಬತ್ತೂ ಕೆಂಚನ ಮರಿ ಸ್ವಾಮಿ. ಗುರುತು ಹಾಕೋಕೆ ಯಾರೂ ಗತಿಯಿಲ್ಲ. ಪುಸ್ತಕದಲ್ಲಿ ಎಡಗಾಲು, ಹೊರಸಂದು ಅಂತ ಇದೆ. ಮೊದಲು ಚಿಮಟ ಮುಟ್ಟಿಸಿ ತೋರಿಸಿ, ಒತ್ತಬೇಡಿ. ಈ ಮಗು ನೋಡಿ ಹೂಂ ಅಂದ ಮೇಲೆ ಒತ್ತೋರಂತೆ."

"ನಾನಾ?"

"ನಿಮ್ಮನ್ನ ಬಿಟ್ರೆ ಪುಸ್ತಕ ಬಲ್ಲೋರು ಯಾರಿದಾರೆ."

ವರದರಾಜರು ಕೈ ತೊಳೆದು ಬಂದರು. ಪಂಚೆಯ ತುದಿಯಲ್ಲಿ ಒರೆಸಿಕೊಂಡರು. ಬುಟ್ಟಿಯಿಂದ ಒಂದು ಮರಿಯನ್ನು ಎತ್ತಿದರು. ಅದು ಚಿಂವ್ ಚಿಂವ್ ಎಂದು ಕಿರಿಚಿತು.

ಆಮೇಲೆ ಅವರು ಏನನ್ನೂ ಯೋಚಿಸಲಿಲ್ಲ. ವಾಣಿಗೆ ಅದು ಸ್ಪಷ್ಟವಾಗಿ ಕಾಣಿಸಿತು. ಅವರ ಕೈ ತಾನಾಗಿ ಮಗುಚಿತು. ಮರಿ ಅಂಗೈಯ ಮೇಲೆ ಅಂಗಾತವಾಯಿತು. ತಲೆ ಬೆರಳ ತುದಿಯ ಕಡೆ, ಕಾಲು ಎದೆಯ ಕಡೆ. ಹೆಬ್ಬೆರಳು ಹೊಟ್ಟೆಯ ಮೇಲೆ ಹಗುರಾಗಿ ಕೂತಿತು. ತಮ್ಮ ಎಡಕ್ಕಿದ್ದ ಕಾಲಿನ ಹೊರಸಂದಿಗೆ ಅವರು ಚಿಮಟದ ಮೂತಿ ತಾಗಿಸಿದರು.

ಮರಿಯ ಬಲಗಾಲು. ಸರಿಯಾದ ಕಾಲು.

"ಇದೇ ಅಲ್ವೇನಮ್ಮ?" ಅಂದರು ವರದರಾಜರು.

ವಾಣಿ ಹೂಂ ಅನ್ನಲಿಲ್ಲ.

"ಮರಿ ಹಿಂಗೆ ಹಿಡಿಯೋದನ್ನ ಯಾರು ಕಲಿಸಿದ್ರು?" ಶಿವಲಿಂಗಯ್ಯನವರು ಕೇಳಿದರು.

"ಇನ್ಯಾರು, ಬೈರಪ್ಪನೇ. ಹೋದ ವರ್ಷದ ಹಿಂದಿನ ವರ್ಷ. ಈ ಮಗು ತಾಯಿಯ ತಿಥಿಗೆ ಅಂತ ಊರಿಗೆ ಹೋಗಿತ್ತು. ಹನ್ನೊಂದು ಮರಿ ಒಡೀತು. ಬರೆಯೋರಿಲ್ಲ ಬಾರಯ್ಯ ಅಂತ ಫೋನ್ ಮಾಡ್ದ. ನೀನು ತಿನ್ನೋನಲ್ಲ, ನಿನ್ನ ಕಣ್ಣು ತಾಗಲ್ಲ ಅಂದ." ಅವರ ದನಿ ಸ್ವಲ್ಪ ಒಡೆಯಿತು. "ಮೊದಲನೇ ಮರೀನ ನಾನು ನೆಟ್ಟಗೆ ನಿಲ್ಲಿಸ್ಕೊಂಡು ಹಿಡ್ದಿದ್ದೆ. ತಲೆ ಮೇಲೊಂದು ಮೊಟಕಿದ. ಬ್ಯಾಂಕಲ್ಲಿ ದಸ್ಕತ್ತು ಹಾಕಿದ ಕೈ, ಇದಕ್ಕೆ ಬುದ್ಧಿ ಬೇರೆ ಕಲಿಸ್ಬೇಕು ಅಂದ."

ಮರಿಪುಸ್ತಕದಲ್ಲಿ ಆ ಒಂದು ಪುಟದ ಅಕ್ಷರ ಬೇರೆಯಾಗಿದ್ದದ್ದು ವಾಣಿಗೆ ಆಗ ನೆನಪಾಯಿತು. ಯಾರು ಬರೆದದ್ದು ಎಂದು ಅವಳು ಕೇಳಿರಲಿಲ್ಲ. ಅವಳು ಯಾರನ್ನೂ ಏನನ್ನೂ ಕೇಳುವವಳಲ್ಲ.

ಶಿವಲಿಂಗಯ್ಯನವರು ಗೂಡಿನ ಕಡೆ ಕೈ ತೋರಿಸಿದರು. "ಕೆಂಚನ್ನ ನೋಡ್ಕೊಂಡು ಬನ್ನಿ ಹಂಗೇ. ನೀವು ಅವನ್ನ ನೋಡಿ ಹದಿನಾಲ್ಕು ದಿನ ಆಯ್ತಲ್ಲ."

ವರದರಾಜರು ಮರಿಯನ್ನು ಬುಟ್ಟಿಗೆ ಬಿಟ್ಟು ಗೂಡಿನ ಹತ್ತಿರ ಹೋದರು. ಬಗ್ಗಿದರು. ಭೂತಗನ್ನಡಿ ತೆಗೆಯಲೇ ಇಲ್ಲ.

"ಎಲ್ಲಿ ಕೆಂಚ?" ಅಂದರು.

"ಎದುರಿಗೇ ಇದಾನಲ್ಲ."

"ಇದು ಕೆಂಚ ಅಲ್ರೀ. ಕಣ್ಣು ನೋಡಿ. ಕೆಂಚಂದು ಮುತ್ತಿನ ಕಣ್ಣು, ಬಿಳಿ. ಇದರದ್ದು ಹಳದಿ ಹೊಡೀತಿದೆ. ಎಲ್ಲೋ ಎರಡು ತಲೆ ಹಿಂದೆ ಬೇರೆ ರಕ್ತ ಸೇರಿದೆ." ಅವರು ತಿರುಗಿದರು. ಮುಖ ಬೂದಿಯಾಗಿತ್ತು. "ಅವನೆಲ್ಲಿ? ಆ ಸಾಲಿನ ಹುಂಜ ಇನ್ನೊಂದಿಲ್ಲ ಸ್ವಾಮಿ. ಮೂವತ್ತು ವರ್ಷದ ಕೆಲಸ. ಒಬ್ಬನೇ ಅವನು."

ಇಂಥ ಮುಖವನ್ನು ಯಾರೂ ಬೇಕೆಂದು ಮಾಡಿಕೊಳ್ಳಲಾರರು. ವಾಣಿಗೆ ಅದು ತಿಳಿಯಿತು. ತಿಳಿದದ್ದು ಎಲ್ಲೋ ದೂರದಲ್ಲಿ ತಿಳಿಯಿತು, ಪಕ್ಕದ ಬೀದಿಯಲ್ಲಿ ಯಾರದೋ ಮನೆಯ ಬಾಗಿಲು ಹಾಕಿಕೊಂಡ ಹಾಗೆ.

"ನಿಮ್ಮ ಹತ್ರ ಇರೋ ಜೆರಾಕ್ಸು ಬೇರೆ ಯಾರಾದ್ರೂ ನೋಡಿದಾರಾ?" ಶಿವಲಿಂಗಯ್ಯನವರು ಕೇಳಿದರು.

"ನಮ್ಮನೇಲಿ ಕೋಳಿ ಪುಸ್ತಕ ಯಾರು ನೋಡ್ತಾರೆ? ಗೋದಾ ಅದರ ಮೇಲೆ ಸಂಡಿಗೆ ಒಣಗಿಸಿದಾಳೆ. ಎಣ್ಣೆಯಾಗಿ ನನಗೇ ಓದೋಕೆ ಆಗ್ತಿಲ್ಲ."

"ಈ ಮನೇಲಿ?"

ಮುನಿಯಕ್ಕ ಬಾಗಿಲ ಬಳಿಯಿಂದಲೇ ಹೇಳಿದರು: "ನಂಗೆ ಅಕ್ಸರ ಬರಲ್ಲ. ನಾರಾಯಣಪ್ಪಂಗೂ ಬರಲ್ಲ. ಅಕ್ಕಿಪೇಟೇಲಿ ಮೂಟೆ ಹೊತ್ತು ಬೆನ್ನು ಮುರ್ಕೊಂಡು ಬಂದೋನು, ಅಂಗಡಿ ಬೋರ್ಡು ಓದೋಕೂ ಮಗಳೇ ಬೇಕು." ವಾಣಿಯ ಕಡೆ ತಿರುಗಿ ದನಿ ತಗ್ಗಿಸಿದರು. "ಸುಮ್ಕಿರು ಅಮ್ಮಿ. ಇದು ಓದಿದೋರ ಕೆಲ್ಸ ಅಂತ ಗೊತ್ತಾಯ್ತಲ್ಲ. ನಿಮ್ಮಪ್ಪನ ತಲೆ ಮೇಲಿನ ಕಲ್ಲು ಇಳೀತು. ಸ್ವಾಮಾರ ನಾನೇ ಬರ್ತೀನಿ ಟೇಸನ್ನಿಗೆ."

ವಾಣಿ ಮರಿಪುಸ್ತಕದ ಕಡೆ ನೋಡಿದಳು.

ಅವಳಿಗೆ ಒಂದು ಸಂಜೆ ನೆನಪಾಗಿತ್ತು. ಹೆಣ ಬೀಳುವುದಕ್ಕೆ ಮೂರು ದಿನವೋ ನಾಲ್ಕು ದಿನವೋ ಮುಂಚೆ. ಗೂಡಿನ ಮೆಟ್ಟಿಲ ಮೇಲೆ ಅವಳು ಕೂತಿದ್ದಳು, ಮರಿಪುಸ್ತಕ ಮಡಿಲಲ್ಲಿತ್ತು. ಅಪ್ಪ ನುಚ್ಚು ಕೇರುತ್ತಿದ್ದ. ಕೇರುತ್ತಲೇ, ಮೊರದಿಂದ ಕಣ್ಣು ತೆಗೆಯದೆ ಕೇಳಿದ್ದ: ಅಷ್ಟು ಬರೀತೀಯಲ್ಲವ್ವ, ನಮ್ಮ ಕೆಂಚನ ಮೇಲೆ ಏನು ಬರ್ದಿದೀಯ? ಅಪ್ಪ ತನ್ನ ಬರವಣಿಗೆಯ ಬಗ್ಗೆ ಕೇಳಿದ್ದು ಅದೇ ಮೊದಲು. ಅವಳಿಗೆ ಖುಷಿಯಾಗಿತ್ತು. ಪುಟ ಹುಡುಕಿ, ಗಂಟಲು ಸರಿಮಾಡಿಕೊಂಡು, ಶಾಲೆಯಲ್ಲಿ ನಿಂತು ಓದುವ ಹಾಗೆ ಓದಿದ್ದಳು. ಕೆಂಚನ ಸಾಲು. ಎಡಗಾಲು, ಹೊರಸಂದು. ಅಪ್ಪ ಇನ್ನೊಂದು ಸಲ ಓದು ಅಂದಿದ್ದ. ಅವಳು ಇನ್ನೊಂದು ಸಲ ಓದಿದ್ದಳು.

ಅಪ್ಪ ಈ ಹಿತ್ತಿಲಿಗೆ ಬಂದು ನಾಲ್ಕು ವರ್ಷ. ಗುಡಿಸುವುದು, ಮೇವು ಹೊರುವುದು, ಗೂಡಿಗೆ ಬೀಗ ಹಾಕುವುದು ಅವನ ಕೆಲಸ. ಕೋಳಿ ಹಿಡಿಯುವುದೆಲ್ಲ ಅವಳದು. ಮರಿ ಒಡೆದ ದಿನ ಅಪ್ಪನನ್ನು ಗೂಡಿನ ಹತ್ತಿರ ಬಿಡುತ್ತಿರಲಿಲ್ಲ. ನೀನು ಚೆನ್ನಾಗಿ ಉಣ್ಣೋನು ನಾರಾಯಣಪ್ಪ, ನಿನ್ನ ಕಣ್ಣು ಬೇಡ ಎಂದು ಯಜಮಾನರು ತಮಾಷೆ ಮಾಡುತ್ತಿದ್ದರು. ಅಪ್ಪ ನಗುತ್ತಾ ಬೀದಿಗೆ ಹೋಗಿ ನಿಲ್ಲುತ್ತಿದ್ದ.

ಶಿವಲಿಂಗಯ್ಯನವರು ಅವಳನ್ನು ನೋಡುತ್ತಿದ್ದರು. ಎಷ್ಟು ಹೊತ್ತಿನಿಂದಲೋ.

"ಆ ಪುಸ್ತಕಾನ ಯಾರಿಗಾದ್ರೂ ಓದಿ ಹೇಳಿದ್ಯಾ ತಾಯಿ?"

ಅವಳು ಅಂಗೈಯ ಎಣ್ಣೆಯನ್ನು ಲಂಗಕ್ಕೆ ಒರೆಸಿಕೊಂಡಳು. ಇಲ್ಲ ಅನ್ನಬಹುದಿತ್ತು. ಎರಡಕ್ಷರ. ಇವತ್ತು ಮಧ್ಯಾಹ್ನ ಅವಳೇ ಹುಂಜವನ್ನು ಕಂಕುಳಲ್ಲಿ ಹೊತ್ತು ಜಗಲಿಗೆ ಹೋಗಿದ್ದಳು. ಯಾರೂ ಕರೆದಿರಲಿಲ್ಲ.

ಅವರು ಮತ್ತೆ ಕೇಳಲಿಲ್ಲ.

*

ಪಕ್ಕದ ಓಣಿಯ ತಗಡಿನ ಬಾಗಿಲು ಕಿರ್ರೆಂದಿತು. ನಾರಾಯಣಪ್ಪ ಅಕ್ಕಿಪೇಟೆಯಿಂದ ನುಚ್ಚಿನ ಚೀಲ ಹೊತ್ತು ಬಂದ. ಬೆನ್ನು ನೋವಿನವನು, ಚೀಲವನ್ನು ಒಮ್ಮೆಲೇ ಇಳಿಸಲಾರ. ಮೊದಲು ಗೋಡೆಗೆ ಒರಗಿಸಿ, ಆಮೇಲೆ ಮಂಡಿಯ ಮೇಲೆ ಜಾರಿಸಿ, ಆಮೇಲೆ ನೆಲಕ್ಕೆ ಇಟ್ಟ. ಠಾಣೆಯಿಂದ ಬಂದ ಮೇಲೆ ಗಡ್ಡ ತೆಗೆದಿರಲಿಲ್ಲ.

"ಏನು ಎಲ್ರೂ ಇಲ್ಲೇ ಸೇರಿದೀರ?" ಅಂದ. ವರದರಾಜರನ್ನು ನೋಡಿ ಕೈ ಮುಗಿದ. ಬುಟ್ಟಿ ಕಂಡು ಮುಖ ಸಡಿಲವಾಯಿತು. "ಒಡೆದವಾ? ಎಷ್ಟವ್ವ?"

"ಒಂಬತ್ತು," ಅಂದಳು ವಾಣಿ.

"ಬಾ ನಾರಾಯಣಪ್ಪ," ಅಂದರು ಶಿವಲಿಂಗಯ್ಯನವರು. ದನಿಯಲ್ಲಿ ಏನೂ ಇರಲಿಲ್ಲ. ನೆಂಟರನ್ನು ಊಟಕ್ಕೆ ಕರೆದ ಹಾಗಿತ್ತು. "ಗುರುತು ಹಾಕ್ಬೇಕಂತೆ. ನಮಗ್ಯಾರಿಗೂ ತಿಳೀತಿಲ್ಲ. ಕೆಂಚನ ಮರಿಗಳಿವು. ಎಡಗಾಲು, ಹೊರಸಂದು ಅಂತಾರಲ್ಲ, ಅದು ಎಲ್ಲಿ ಬರತ್ತೆ, ಒಂದು ಹಿಡಿದು ತೋರಿಸು ನೋಡೋಣ."

"ನನ್ನ ಮುಟ್ಟಿಸ್ತಿರ್ಲಿಲ್ಲ ಯಜಮಾನ್ರು."

"ಈಗ ಯಜಮಾನ್ರಿಲ್ವಲ್ಲಪ್ಪ."

ಅಪ್ಪ ಮುನಿಯಕ್ಕನ ಕಡೆ ನೋಡಿದ. ಮುನಿಯಕ್ಕ ಹೂಂ ಎಂದು ತಲೆಯಾಡಿಸಿದರು. ಅವರಿಗೆ ಇನ್ನೂ ಏನೂ ತಿಳಿದಿರಲಿಲ್ಲ. ಅಪ್ಪ ಕೈಯ ಧೂಳನ್ನು ಕೊಡವಿಕೊಂಡ, ಪಂಚೆಗೆ ಒರೆಸಿಕೊಂಡ, ಮತ್ತೊಂದು ಸಲ ಒರೆಸಿಕೊಂಡ.

ಅಪ್ಪಾ, ಹಿಡಿಯಬೇಡ ಎಂದು ಅವಳು ಅಂದರೆ ಮುಗಿಯುತ್ತಿತ್ತು. ಅಥವಾ ಮುಗಿಯುತ್ತಿರಲಿಲ್ಲ, ಹಿಡಿಯಬೇಡ ಅಂದರೂ ಅದೊಂದು ಉತ್ತರವೇ. ವಾಣಿ ಕಂಬಕ್ಕೆ ಒರಗಿಯೇ ಇದ್ದಳು. ಕಂಬದ ಸಿಬಿರು ಬೆನ್ನಿಗೆ ಚುಚ್ಚುತ್ತಿತ್ತು. ಅದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು.

ಅಪ್ಪ ಎರಡೂ ಕೈಯಲ್ಲಿ ಒಂದು ಮರಿಯನ್ನು ಬೊಗಸೆ ತುಂಬಿ ಎತ್ತಿದ. ಮೂಟೆ ಹೊತ್ತ ಕೈಗಳಿಗೆ ಅದರ ಭಾರವೇ ಸಿಗಲಿಲ್ಲವೇನೋ, ಬಿದ್ದೀತೆಂದು ಹೆದರಿದವನ ಹಾಗೆ ಎದೆಗೆ ಹತ್ತಿರ ತಂದುಕೊಂಡ. ಆಮೇಲೆ ಅದನ್ನು ಎಡ ಅಂಗೈಯ ಮೇಲೆ ನೆಟ್ಟಗೆ ನಿಲ್ಲಿಸಿದ. ಮರಿ ಅತ್ತ ನೋಡುತ್ತಿತ್ತು, ಅಪ್ಪನೂ ಅದರ ಬೆನ್ನ ಹಿಂದಿನಿಂದ ಅತ್ತಲೇ ನೋಡುತ್ತಿದ್ದ. ದಪ್ಪ ತೋರುಬೆರಳಿನಿಂದ ಮರಿಯ ಎಡಗಾಲಿನ ಬೆರಳುಗಳನ್ನು ಮೆಲ್ಲಗೆ ಬಿಡಿಸಿದ.

"ಇಲ್ಲೇ ಅಲ್ವಾ," ಅಂದ. "ಈ ಹೊರಗಿನ ಸಂದಲ್ಲಿ."

ವರದರಾಜರು ಉಸಿರೆಳೆದುಕೊಂಡದ್ದು ಕೇಳಿಸಿತು. ಮುನಿಯಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದರು, ಕೊನೆಗೆ ವಾಣಿಯ ಮುಖ ನೋಡಿದರು. ಅವರ ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತು.

"ಸರಿಯಾಗಿ ಹೇಳ್ದೆ ನಾರಾಯಣಪ್ಪ," ಅಂದರು ಶಿವಲಿಂಗಯ್ಯನವರು. "ಪುಸ್ತಕದಲ್ಲಿ ಹಂಗೇ ಇದೆ." ಗೂಡಿನ ಕಡೆ ತಿರುಗಿದರು. "ಗೂಡಲ್ಲಿರೋ ಹುಂಜದ ಕಾಲಲ್ಲೂ ಹಂಗೇ ಇದೆ. ಬೇರೆ ಇನ್ಯಾವ ಕೋಳಿಗೂ ಹಂಗಿಲ್ಲ."

ಅಪ್ಪನ ಬೆರಳು ಮರಿಯ ಕಾಲ ಮೇಲೆಯೇ ಇತ್ತು.

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ವಾಣಿ ಅದನ್ನು ನೋಡಿದಳು. ಅವನು ಹೇಂಟೆಗಳ ಕಡೆ ನೋಡಿದ್ದು, ಗೂಡಿನ ಹುಂಜದ ಕಡೆ ನೋಡಿದ್ದು, ಪುಸ್ತಕದ ಕಡೆ ನೋಡಿದ್ದು. ಕೊನೆಗೆ ಅವಳ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳಿಗೆ ಏನಾದರೂ ಅನ್ನಿಸುತ್ತಿತ್ತು.

"ಕೆಂಚ ಎಲ್ಲಿ, ನಾರಾಯಣಪ್ಪ? ಪಂದ್ಯದೋರ ಹತ್ರಾನಾ?"

ಅಪ್ಪ ತಲೆ ತಗ್ಗಿಸಿ ಮರಿಯನ್ನು ನೋಡಿದ.

"ಅವತ್ತು ಬೆಳಿಗ್ಗೆ ಬೈರಪ್ಪ ಈ ಹುಂಜದ ಕಾಲು ನೋಡಿದ್ನಾ?"

ಅಂಗೈಯ ಮೇಲಿನ ಮರಿ ಕಿರಿಚುವುದನ್ನು ನಿಲ್ಲಿಸಿ, ಅವನ ತೋಳಿನ ಕಡೆ ಬೆಚ್ಚಗಿನ ಜಾಗ ಹುಡುಕುತ್ತಾ ಎರಡು ಹೆಜ್ಜೆ ಇಟ್ಟಿತು. ಅಪ್ಪ ಇನ್ನೊಂದು ಕೈಯನ್ನು ಅದರ ಮೇಲೆ ಮುಚ್ಚಿದ.

"ಇದಕ್ಕೆ ಚಳಿಯಾಗ್ತಿದೆ," ಅಂದ. "ಯಾರಾದ್ರೂ ತಗೊಂಡು ತಾಯಿ ಹತ್ರ ಬಿಡಿ."

ಅವನ ಸುತ್ತ ನಾಲ್ಕು ಜನ ನಿಂತಿದ್ದರು. ಯಾರೂ ಕೈ ಚಾಚಲಿಲ್ಲ.